ನಾಲ್ಕು ಜನರ ಕೋಣೆ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮೈಕಿನಕ್ಕ ಎಂದು. ವಿಚಾರಣೆ ಕೌಂಟರಿನ ಹಿಂದೆ ಒಂದು ಗಾಜಿನ ಗೂಡು. ಅದರೊಳಗೆ ಒಂದು ಕುರ್ಚಿ, ಕೆಮ್ಮುತ್ತಾ ತಿರುಗುವ ಫ್ಯಾನು, ಕತ್ತು ಬಾಗಿಸಿದ ಮೈಕು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ತಡ ಎಂದು ಕೂಗಿ ಹೇಳುವುದು ಅವಳ ಕೆಲಸ. ಮಹಾನಗರದ ಬಸ್ಸುಗಳೇ ಹೆಚ್ಚು. ಆ ಊರಿನ ಹೆಸರನ್ನು ದಿನಕ್ಕೆ ಎಷ್ಟೋ ಸಲ ಹೇಳಿ ಹೇಳಿ ಅದು ಅವಳ ಬಾಯಲ್ಲಿ ಉಸಿರಿನಷ್ಟು ಸಲೀಸಾಗಿತ್ತು. ಊರನ್ನು ಮಾತ್ರ ಅವಳು ಒಂದು ಸಲವೂ ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ ಮನೆಯವರೆಲ್ಲ ಅಲ್ಲಿಗೆ ಹೊರಟೇ ಬಿಟ್ಟಿದ್ದರು. ಚೀಲಗಳೂ ತುಂಬಿ ಆಗಿದ್ದವು. ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ತಿರುಗಾಟಕ್ಕೆಂದು ತೆಗೆದುಕೊಂಡ ರಜೆಯೆಲ್ಲ ಆಸ್ಪತ್ರೆಯ ಸ್ಟೂಲಿನ ಮೇಲೆ ಕಳೆಯಿತು. ಅಡುಗೆಗೆ ಯಾರೂ ಇಲ್ಲವೆಂದು ಗಂಡ ಮಕ್ಕಳಿಬ್ಬರನ್ನೂ ಕರೆದುಕೊಂಡು ತಂಗಿಯ ಮನೆಗೆ ಹೋಗಿದ್ದ. ಹೋಗುವಾಗ, "ಅಮ್ಮ ಹುಷಾರಾಗ್ಲಿ, ಎಲ್ಲರೂ ಒಟ್ಟಿಗೇ ಹೋಗೋಣ. ಊರೇನು ಓಡಿಹೋಗುತ್ತಾ?" ಎಂದಿದ್ದ.

ಈ ಬೇಸಿಗೆ ಅತ್ತೆ ವಾಕರ್ ಹಿಡಿದು ಅಂಗಳದ ತನಕ ನಡೆಯುವಷ್ಟಾದರು. ಒಂದು ಸಂಜೆ ಊಟಕ್ಕೆ ಬಡಿಸುತ್ತಾ ಅವಳೇ ಮಾತು ತೆಗೆದಳು.

"ಮಕ್ಕಳಿಗೆ ರಜೆ ಬಂತು. ಈ ಸಲವಾದ್ರೂ ಹೋಗಿ ಬರೋಣ್ವಾ?"

"ಎಲ್ಲಿಗೆ?" ಎಂದ ಗಂಡ. ಅವನದು ಫ್ರಿಜ್ ರಿಪೇರಿ ಕೆಲಸ. ಬೇಸಿಗೆಯಲ್ಲಿ ಅವನಿಗೆ ಊಟ ಮಾಡಲೂ ಪುರುಸೊತ್ತಿರುತ್ತಿರಲಿಲ್ಲ.

"ಎಲ್ಲಿಗೆ ಅಂತೆ! ನಾನು ದಿನಾ ಕೂಗ್ತೀನಲ್ಲ, ಅಲ್ಲಿಗೆ."

ದೊಡ್ಡ ಮಗಳು ತಟ್ಟೆಯಿಂದ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಪ್ಪ ನೀರು ಕುಡಿದ.

"ಹೋಗೋಣ ಬಿಡು," ಎಂದ. "ಎರಡು ರಾತ್ರಿ ಸಾಕು. ಗೋಪುರ, ಮ್ಯೂಸಿಯಂ, ಕೆರೆ."

"ಝೂ!" ಎಂದು ಚಿಕ್ಕವಳು ಕುರ್ಚಿಯ ಮೇಲೆ ಕುಣಿದಳು. "ಅಪ್ಪಾ, ನೀರಾನೆ ಈ ಸಲ ಬಾಯಿ ತೆಗೆಯುತ್ತಾ?"

"ಈ ಸಲ ಅಂತೆ! ಇವಳು ಪ್ರತಿ ವರ್ಷ ಹೋಗಿ ನೀರಾನೆ ಹಲ್ಲು ನೋಡಿ ಬರ್ತಾಳೆ ನೋಡು," ಎಂದು ತಾಯಿ ನಕ್ಕಳು. ಬೇರೆ ಯಾರೂ ನಗಲಿಲ್ಲ. "ಟೀವೀಲಿ ನೋಡಿದ್ದು ಕಣಮ್ಮ," ಎಂದು ದೊಡ್ಡವಳು ಅವಸರದಲ್ಲಿ ಹೇಳಿ ತಂಗಿಯ ತಟ್ಟೆಗೆ ಪಲ್ಯ ಸುರಿದಳು. ಪುಟ್ಟಿ ಬಾಯಿ ಮುಚ್ಚಿಕೊಂಡು ತಿನ್ನತೊಡಗಿದಳು.

ಆಮೇಲಿನ ದಿನಗಳಲ್ಲಿ ಮೈಕಿನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಲ್ದಾಣದ ಮೇಲಧಿಕಾರಿ ಕಂಟ್ರೋಲರ್ ಹತ್ತಿರ ಹೋಗಿ ರಜೆ ಕೇಳಿದಳು. ಅವರು ಕನ್ನಡಕದ ಮೇಲಿಂದ ನೋಡಿ, "ಮೈಕಿನಕ್ಕ, ನೀವು ಹೋದ್ರೆ ಇಲ್ಲಿ ಬಸ್ಸುಗಳಿಗೆ ದಾರಿ ತಪ್ಪುತ್ತೆ," ಎಂದು ತಮಾಷೆ ಮಾಡಿ ಸಹಿ ಹಾಕಿದರು. ಬಿಡುವಾದಾಗಲೆಲ್ಲ ಮಹಾನಗರದಿಂದ ಬಂದ ಕಂಡಕ್ಟರುಗಳನ್ನು ಕೌಂಟರಿಗೆ ಕರೆದು ಕೇಳುತ್ತಿದ್ದಳು: ಬೆಟ್ಟದ ಗೋಪುರಕ್ಕೆ ಯಾವ ಬಸ್ಸು, ನೆಲದಡಿಯ ರೈಲಿಗೆ ಎಲ್ಲಿ ಇಳಿಯಬೇಕು, ಹೆಂಗಸರು ಮಕ್ಕಳು ಧೈರ್ಯವಾಗಿ ಇರುವಂಥ ಲಾಡ್ಜು ಯಾವುದು. ಒಬ್ಬ ಕಂಡಕ್ಟರ್ ಹೇಳಿದ ಲಾಡ್ಜಿಗೆ ಗಂಡನ ಕೈಯಿಂದ ಫೋನ್ ಮಾಡಿಸಿ ನಾಲ್ಕು ಜನರ ಕೋಣೆ ಗೊತ್ತು ಮಾಡಿಸಿದಳು. ಬಸ್ ಟಿಕೆಟನ್ನು ತಾನೇ ಮಾಡಿಸಿದಳು, ಚಿಕ್ಕವಳಿಗೆ ಕಿಟಕಿ ಪಕ್ಕದ ಸೀಟು.

ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ, ಬಟ್ಟೆ ಮಡಚುತ್ತಾ ಅದೇ ಮಾತು.

"ಮೊದಲನೇ ದಿನ ಮಧ್ಯಾಹ್ನ ಗೋಪುರ ಹತ್ತೋಣ. ಊಟ ಮಾಡಿ ಆರಾಮಾಗಿ."

"ಮಧ್ಯಾಹ್ನ ಬೇಡ," ಎಂದ ಗಂಡ ಸ್ಪ್ಯಾನರ್ ಒರೆಸುತ್ತಾ. "ಲಿಫ್ಟಿನ ಮುಂದೆ ಕ್ಯೂ ಕರಗೋದೇ ಇಲ್ಲ. ಅಲ್ಲಿ ನೆರಳೂ ಇಲ್ಲ, ಮಕ್ಕಳು ಬಾಡಿಹೋಗ್ತಾರೆ."

"ನಿಮಗೆ ಹೇಗೆ ಗೊತ್ತು?"

"ಎಲ್ಲರೂ ಹೇಳ್ತಾರಲ್ಲ."

"ಓಹೋ, ಫ್ರಿಜ್ಜಿನೊಳಗೆ ತಲೆ ಹಾಕಿದ್ರೆ ಊರ ಸುದ್ದಿಯೆಲ್ಲ ಕೇಳಿಸುತ್ತೆ ಅಂತಾಯ್ತು," ಎಂದು ಅವಳು ಚುಡಾಯಿಸಿದಳು. ಅವನು ಎದ್ದು ಹೊರಗೆ ಹೋದ.

ದೊಡ್ಡವಳಿಗೆ ಮಾತ್ರ ಯಾವುದರಲ್ಲೂ ಉತ್ಸಾಹವಿರಲಿಲ್ಲ. ಹೊಸ ಬಟ್ಟೆ ಬೇಕೇನೇ ಎಂದರೆ ಬೇಡ, ಅಲ್ಲಿ ಏನು ನೋಡೋಣ ಎಂದರೆ ನಿನಗೆ ಇಷ್ಟ ಬಂದದ್ದು. "ಕಾಲೇಜು ಮೆಟ್ಟಿಲು ಹತ್ತಿದ್ದೇ ತಡ, ಇವಳಿಗೆ ಅಪ್ಪ ಅಮ್ಮನ ಜೊತೆ ಹೊರಡೋಕೆ ನಾಚಿಕೆ," ಎಂದು ಅವಳು ಅತ್ತೆಯ ಹತ್ತಿರ ದೂರಿದಳು. ಅತ್ತೆ ವಾಕರ್ ಎಳೆದುಕೊಂಡು ಅಂಗಳದ ಕಡೆ ನಡೆದರು.

ಉಳಿದದ್ದು ಒಂದೇ ತೊಡಕು. ಅಷ್ಟು ದಿನ ಅತ್ತೆಯನ್ನು ನೋಡಿಕೊಳ್ಳುವವರು ಯಾರು? ನಾದಿನಿಯನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಫೋನಿನಲ್ಲಿ ಕೇಳಿದರೆ ನಾದಿನಿ ರಾಗ ಎಳೆದಳು. ಎದುರಿಗೇ ಮಾತಾಡೋಣವೆಂದು ಒಂದು ಭಾನುವಾರ ಊಟಕ್ಕೆ ಕರೆದಳು.

ನಾದಿನಿ ಬಂದಳು, ಅನ್ನದ ಜೊತೆ ಕೋಳಿಸಾರು ಚೆನ್ನಾಗಿದೆ ಎಂದಳು, ಎರಡನೇ ಸಲ ಹಾಕಿಸಿಕೊಂಡಳು. ಅತ್ತೆಯನ್ನು ನೋಡಿಕೊಳ್ಳುವ ಮಾತು ಬಂದ ಕೂಡಲೇ ಮುಖ ಬಿಗಿಯಿತು.

"ನನಗೂ ಮನೆ ಅಂತ ಒಂದಿದೆ ಅತ್ತಿಗೆ. ಇವರು ಬೆಳಗಾದ್ರೆ ವ್ಯಾನ್ ತಗೊಂಡು ಸ್ಕೂಲಿಗೆ ಮಕ್ಕಳನ್ನ ಬಿಡೋಕೆ ಹೋಗ್ತಾರೆ. ಇವರ ಡಬ್ಬಿ ಯಾರು ಕಟ್ಟಬೇಕು?"

"ಎರಡು ರಾತ್ರಿ ತಾನೇ? ನಿನ್ನ ಅಮ್ಮನೂ ಹೌದಲ್ವಾ?"

"ಅಂದ್ರೆ? ನಾನು ಅಮ್ಮನಿಗೆ ಏನೂ ಮಾಡಿಲ್ಲ ಅಂತಾನಾ?"

"ಹಾಗಂದ್ನಾ ನಾನು? ಆಸ್ಪತ್ರೇಲಿ ಅಷ್ಟು ದಿನ ನಾನೊಬ್ಬಳೇ ಇದ್ದೆ. ಆಗ ನಿನ್ನನ್ನ ಒಂದು ಮಾತು ಕೇಳಿದ್ನಾ?"

ನಾದಿನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀವು ಆಸ್ಪತ್ರೇಲಿದ್ರಿ, ಸರಿ. ನಾನೇನು ಮನೇಲಿ ಮಲಗಿದ್ನಾ? ನಿಮ್ಮ ಗಂಡ, ನಿಮ್ಮ ಮಕ್ಕಳನ್ನ ನಮ್ಮ ವ್ಯಾನಲ್ಲೇ ಕೂರಿಸ್ಕೊಂಡು ಆ ಊರೆಲ್ಲ ಸುತ್ತಿಸಿದ್ದು ಯಾರು? ಝೂನಲ್ಲಿ ಪುಟ್ಟಿ ಕಾಲು ನೋವು ಅಂದಾಗ ಎತ್ಕೊಂಡು ನಡೆದಿದ್ದು ಯಾರು? ಆಗ ಸುತ್ತಿಸೋಕೂ ನಾನು, ಈಗ ನೀವು ಸುತ್ತೋಕೆ ಹೋದ್ರೆ ಕಾವಲು ಕೂರೋಕೂ ನಾನಾ?"

ಮೈಕಿನಕ್ಕನ ಕೈಯಲ್ಲಿ ಸೌಟು ಇತ್ತು.

"ಯಾವ ಊರು?" ಎಂದಳು.

ನಾದಿನಿ ಅವಳನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಅಣ್ಣಾ, ಹೇಳಿಲ್ವಾ ನೀನು? ಎರಡು ವರ್ಷ ಆಯ್ತಲ್ಲೋ!"

ಅಣ್ಣ ಅನ್ನ ಕಲಸುತ್ತಲೇ ಇದ್ದ. ದೊಡ್ಡವಳು ಎದ್ದು ಕೈ ತೊಳೆಯಲು ಹೋಗಿ ಅಲ್ಲೇ ನಲ್ಲಿ ಬಿಟ್ಟುಕೊಂಡು ನಿಂತಳು. ಪುಟ್ಟಿ ಮಾತ್ರ ತಾಯಿಯನ್ನು ದಿಟ್ಟಿಸಿ, ಅಳುಮೋರೆ ಮಾಡಿಕೊಂಡು, "ನಾನು ಹೇಳ್ಲಿಲ್ಲಮ್ಮ. ಅಪ್ಪ, ನಾನು ಹೇಳ್ಲಿಲ್ಲ," ಎಂದಳು.

ನಾದಿನಿ ಊಟ ಮುಗಿಸದೆ ಎದ್ದು ಹೋದಳು. ಮೈಕಿನಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು, ಪಾತ್ರೆಗೆ ಮುಚ್ಚಳ ಮುಚ್ಚಿ, ಎಲ್ಲರ ತಟ್ಟೆಗಳನ್ನೂ ಎತ್ತಿ, ಒಂದೊಂದಾಗಿ ತೊಳೆದಳು. ಗಂಡ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಅಲ್ಲ ಕಣೆ, ಕೇಳು. ಮಕ್ಕಳು ತುಂಬಾ ಆಸೆ ಇಟ್ಕೊಂಡಿದ್ರು. ಭಾವನ ವ್ಯಾನು ಖಾಲಿ ಇತ್ತು. ಹಿಂಗೆ ಹೋಗಿ ಹಂಗೆ ಬಂದ್ವಿ."

"ಸರಿ."

"ನಿನಗೆ ಹೇಳಿದ್ರೆ ನೋವಾಗುತ್ತೆ ಅಂತ..."

"ದಿನಾ ಸಂಜೆ ಫೋನ್ ಮಾಡ್ತಿದ್ರಿ," ಎಂದಳು ಅವಳು ತಿರುಗದೆ. "ಇಲ್ಲಿ ಮಳೆ, ಮಕ್ಕಳು ಮನೆಯೊಳಗೇ ಕೂತು ಬೇಜಾರಾಗಿದ್ದಾರೆ ಅಂದ್ರಿ. ಹಿಂದೆ ಜನರ ಗದ್ದಲ ಕೇಳಿಸ್ತಿತ್ತು. ಏನದು ಅಂದ್ರೆ ಟೀವಿ ಅಂದ್ರಿ. ಪಾಪ ಮಕ್ಕಳು ಅಂತ ನಾನು ಫೋನ್ ಇಟ್ಟು ಅತ್ತಿದ್ದೆ ರೀ. ನನ್ನಿಂದ ಅವರ ರಜೆ ಹಾಳಾಯ್ತು ಅಂತ."

ಅವನು ತೊಳೆದ ತಟ್ಟೆಯೊಂದನ್ನು ಎತ್ತಿಕೊಂಡು ಒರೆಸತೊಡಗಿದ.

"ನೀವು ಹೋಗಿದ್ದಕ್ಕಲ್ಲ. ಅಷ್ಟು ಚಿಕ್ಕ ಮಗು, ಅದರ ಬಾಯಿಗೂ ಬೀಗ ಹಾಕಿಸಿದ್ರಲ್ಲ. ಈಗ ನಾನು ಹುಚ್ಚಿ ಥರ ಗೋಪುರ, ರೈಲು ಅಂತ ಕುಣೀತಿದ್ರೆ ಸುತ್ತ ಕೂತು ನೋಡ್ತಿದ್ರಿ. ನಾಟಕ ನೋಡೋ ಹಾಗೆ."

"ಈ ಸಲ ನಿನಗೋಸ್ಕರಾನೇ ಹೊರಟಿದ್ದು."

"ಗೊತ್ತಾಯ್ತು," ಎಂದು ಅವಳು ನಲ್ಲಿ ನಿಲ್ಲಿಸಿದಳು.

ಮರುದಿನ ದೊಡ್ಡವಳು ಕಾಫಿ ಮಾಡಿಕೊಟ್ಟಳು. ಎಂದೂ ಮಾಡಿದವಳಲ್ಲ. ಲೋಟ ತೆಗೆದುಕೊಂಡು ತಾಯಿ ಕೇಳಿದ್ದು ಒಂದೇ: "ನೀನಾದ್ರೂ ಹೇಳಬಹುದಿತ್ತಲ್ವೇನೇ?"

"ಹೇಳ್ಬೇಕು ಅಂತ ಎಷ್ಟು ಸಲ ಬಾಯಿವರೆಗೆ ಬಂತಮ್ಮ. ಮೊದಲು ಅಪ್ಪ ಬೇಡ ಅಂದ್ರು. ಆಮೇಲೆ... ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ನೀನು ಕೇಳ್ತೀಯ ಅಂತ ಹೆದರಿಕೆ ಆಯ್ತು."

"ಈಗ ಕೇಳ್ತಿದೀನಲ್ಲ."

ಮಗಳು ಅಳುತ್ತಾ ಒಳಗೆ ಹೋದಳು. ತಾಯಿ ಕಾಫಿ ಕುಡಿದು ಕೆಲಸಕ್ಕೆ ಹೊರಟಳು.

ಆ ವಾರ ನಿಲ್ದಾಣದಲ್ಲಿ ಒಂದು ಎಡವಟ್ಟಾಯಿತು. ಮೈಕಿನ ಮುಂದೆ ಕೂತು ಅವಳು ಬೇರೆಲ್ಲ ಬಸ್ಸುಗಳನ್ನೂ ಕೂಗಿದಳು. ಮಹಾನಗರದ ಬಸ್ಸಿನ ಸರದಿ ಬಂದಾಗ ಆ ಹೆಸರು ಬಾಯಿಗೆ ಬರಲಿಲ್ಲ. ನೀರು ಕುಡಿದು ನೋಡಿದಳು, ಕೆಮ್ಮಿ ನೋಡಿದಳು. ಅಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಅದಕ್ಕಾಗಿ ಕಾದು ಕೂತಿದ್ದ ಒಂದು ದೊಡ್ಡ ಗುಂಪು ಕೌಂಟರಿಗೆ ಮುತ್ತಿಕೊಂಡಿತು. "ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?" ಎಂದು ಒಬ್ಬ ಮುದುಕ ಗಾಜು ಬಡಿದ. ಕಂಟ್ರೋಲರ್ ಓಡಿಬಂದು ಬೇರೆ ಬಸ್ಸಿನಲ್ಲಿ ಜಾಗ ಮಾಡಿಸಿದರು. ಆಮೇಲೆ ಗೂಡಿನೊಳಗೆ ಬಂದು ಬಾಗಿಲು ಮುಚ್ಚಿದರು. ಬಯ್ಯಲೆಂದೇ ಬಂದಿದ್ದರು. ಅವಳ ಮುಖ ನೋಡಿ ದನಿ ತಗ್ಗಿಸಿದರು.

"ಏನಾಯ್ತಕ್ಕ? ಮನೇಲಿ ಎಲ್ಲ ಸರಿ ಇದೆಯಾ?"

"ಎಲ್ಲ ಸರಿ ಇದೆ ಸಾರ್. ನಾನೊಬ್ಬಳೇ ಸರಿ ಇಲ್ಲ," ಎಂದಳು.

ಅಷ್ಟೆಲ್ಲ ಆದರೂ ಅತ್ತೆಯ ಕೆಲಸ ಅವಳು ಬಿಟ್ಟಿರಲಿಲ್ಲ. ಬೆಳಗ್ಗೆ ಸ್ನಾನ, ಸಂಜೆ ಸೊಂಟಕ್ಕೆ ಮುಲಾಮು. ಒಂದು ಸಂಜೆ ಮುಲಾಮು ತಿಕ್ಕುತ್ತಾ ಕೇಳಿದಳು:

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಮೊದಲೇ," ಎಂದರು.

"ಮೊದಲೇ ಅಂದ್ರೆ? ಅವರು ಹೋಗೋ ಮೊದಲೇ?"

"ಅವನು ನನ್ನ ಕೇಳಿದ. ಅಮ್ಮ, ಮಕ್ಕಳು ಅಳ್ತಿದ್ದಾರೆ, ಹೋಗಿ ಬರ್ಲಾ ಅಂತ. ಅವಳಿಗೂ ಒಂದು ಮಾತು ಹೇಳ್ಬಿಡ್ತೀನಿ ಅಂದ. ನಾನೇ ಬೇಡ ಅಂದೆ."

ಅವಳ ಕೈ ನಿಂತಿತು.

"ಯಾಕೆ ಅತ್ತೆ?"

"ಆಸ್ಪತ್ರೇಲಿ ಅವನು ಕೇಳಿದಾಗ ನೀನು ಔಷಧಿ ತರೋಕೆ ಹೋಗಿದ್ದೆ. ನಾನು ಮಲಗಿದ್ದಲ್ಲೇ ಎಲ್ಲ ಆಗ್ಬೇಕಿತ್ತು. ಅಲ್ಲಿನ ನರ್ಸುಗಳು ಕೂಗಿದ್ರೂ ತಿರುಗಿ ನೋಡ್ತಿರ್ಲಿಲ್ಲ. ನಿನಗೆ ಹೇಳಿದ್ರೆ ನೀನೂ ಅವರ ಜೊತೆ ಹೊರಟುಬಿಡ್ತೀಯೇನೋ ಅಂತ ಭಯ ಆಯ್ತು. ಅಷ್ಟು ದಿನದಿಂದ ಆಸೆಪಟ್ಟಿದ್ದೆಯಲ್ಲ. ಅದಕ್ಕೇ... ಹೇಳ್ಬೇಡ ಅಂತ ಅವನ ಕೈಲಿ ಆಣೆ ಹಾಕಿಸ್ಕೊಂಡೆ."

ಅವಳು ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕಿದಳು. ಗಂಡ ಆಣೆಯ ಮಾತನ್ನು ಬಾಯಿಬಿಟ್ಟಿರಲಿಲ್ಲ, ತಾಯಿಯನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟದ್ದು ಹೆಂಡತಿಯನ್ನು ಮಾತ್ರ.

"ಹೇಳಿದ್ದಿದ್ರೂ ನಾನು ನಿಮ್ಮನ್ನ ಬಿಟ್ಟು ಹೋಗ್ತಿರ್ಲಿಲ್ಲ ಅತ್ತೆ," ಎಂದಳು.

"ಅದು ಈಗ ಗೊತ್ತು ಕಣಮ್ಮ."

"ಆಗಲೂ ಗೊತ್ತಿರಬೇಕಿತ್ತು. ನಾನು ನಿಮ್ಮ ಮನೆಗೆ ಬಂದು ಎಷ್ಟು ವರ್ಷ ಆಗಿತ್ತು?"

ಅತ್ತೆ ಕೈ ಹಿಂದೆ ಚಾಚಿ ಅವಳ ಸೆರಗಿಗಾಗಿ ತಡಕಾಡಿದರು. ಅವಳು ಅಷ್ಟರಲ್ಲಿ ಎದ್ದಿದ್ದಳು.

ಹೊರಡುವ ದಿನ ಹತ್ತಿರ ಬಂತು. ಗಂಡ ಊಟದ ಹೊತ್ತಿಗೆ ಸಮಾಧಾನದ ದನಿಯಲ್ಲಿ ಶುರು ಮಾಡಿದ. "ಆಗಿದ್ದು ಆಗಿಹೋಯ್ತು. ಕೋಣೆ ಗೊತ್ತು ಮಾಡಿದೀವಿ, ಟಿಕೆಟ್ ಆಗಿದೆ. ತಂಗಿ ಬರ್ತೀನಿ ಅಂತ ಹೇಳಿದಾಳೆ, ಅವಳಿಗೂ ಬೇಜಾರಾಗಿದೆ. ಎಲ್ಲರೂ ಹೋಗೋಣ. ಅಲ್ಲಿ ನಿನ್ನ ಕೈಹಿಡಿದು ಒಂದೊಂದೂ ತೋರಿಸ್ತೀನಿ."

"ತೋರಿಸೋದು ಬೇಡ. ನಿಮ್ಮ ತಂಗಿ ಬರೋದೂ ಬೇಡ," ಎಂದಳು. "ಮನೇಲಿ ನೀವು ಮೂರು ಜನ ಇರ್ತೀರಲ್ಲ, ಅತ್ತೆಯನ್ನ ನೋಡ್ಕೊಳ್ಳಿ. ನಾನೊಬ್ಬಳೇ ಹೋಗಿ ಬರ್ತೀನಿ."

"ಒಬ್ಬಳೇ? ಆ ಊರಿಗೆ? ತಲೆ ಕೆಟ್ಟಿದೆಯಾ? ನಿನಗೆ ಅಲ್ಲಿ ಎಡ ಗೊತ್ತಿಲ್ಲ ಬಲ ಗೊತ್ತಿಲ್ಲ."

"ಇಷ್ಟು ವರ್ಷ ಊರ ಜನರನ್ನೆಲ್ಲ ಅಲ್ಲಿಗೆ ಹತ್ತಿಸಿ ಕಳಿಸಿದೀನಿ. ನಾನು ಹತ್ತೋಕೆ ಆಗಲ್ವಾ?"

"ಜನ ಏನಂತಾರೆ? ಗಂಡ ಮಕ್ಕಳನ್ನ ಬಿಟ್ಟು ತಿರುಗಾಟಕ್ಕೆ ಹೋದಳು ಅನ್ನಲ್ವಾ?"

"ಜನರಿಗೂ ಹೇಳ್ಬೇಡಿ. ನಿಮಗೆ ರೂಢಿ ಇದೆಯಲ್ಲ."

ಪುಟ್ಟಿ ಬಂದು ತೊಡೆಗೆ ಜೋತುಬಿದ್ದಳು. "ಅಮ್ಮಾ, ನಾನು ಬರ್ತೀನಿ." ಅವಳ ತಲೆ ನೇವರಿಸುತ್ತಾ ತಾಯಿಯ ಮನಸ್ಸು ಹೊಯ್ದಾಡಿತು. ಮಗುವಿನದೇನು ತಪ್ಪು? ಆದರೆ ಇವಳು ಜೊತೆಗಿದ್ದರೆ ಹೆಜ್ಜೆಹೆಜ್ಜೆಗೂ ಇಲ್ಲಿ ಐಸ್‌ಕ್ರೀಮ್ ತಿಂದೆವು, ಇಲ್ಲಿ ಅಪ್ಪ ಜಾರಿದರು ಎನ್ನುತ್ತಾಳೆ. ಇಲ್ಲವೇ ಅನ್ನಬಾರದೆಂದು ತುಟಿ ಕಚ್ಚಿಕೊಳ್ಳುತ್ತಾಳೆ. ಎರಡನ್ನೂ ನೋಡುವ ಶಕ್ತಿ ತನಗಿಲ್ಲ ಅನ್ನಿಸಿತು.

"ಇನ್ನೊಂದು ಸಲ ಚಿನ್ನ," ಎಂದಳು.

ಮಹಾನಗರದ ಬಸ್ಸು ಹತ್ತುವಾಗ ಡ್ರೈವರ್ ಬಾಗಿ ನೋಡಿ, "ಅಯ್ಯೋ ಮೈಕಿನಕ್ಕ, ನೀವೇ ಹೊರಟ್ರಾ? ಹಾಗಾದ್ರೆ ಇವತ್ತು ನಮ್ಮನ್ನ ಕೂಗೋರು ಯಾರು?" ಎಂದ. ಕೂಗಿದ್ದು ಒಬ್ಬ ಹೊಸ ಹುಡುಗಿ. ಅವಸರದಲ್ಲಿ ಪ್ಲಾಟ್‌ಫಾರಂ ತಪ್ಪು ಹೇಳಿದಳು. ಬಸ್ಸಿನಲ್ಲಿದ್ದವರೆಲ್ಲ ಗಾಬರಿಯಾದರು. ಮೈಕಿನಕ್ಕ ಸೀಟಿನಲ್ಲೇ ಎದ್ದು ನಿಂತು, "ಇದೇ ಬಸ್ಸು, ಕೂತ್ಕೊಳ್ಳಿ," ಎಂದಳು. ಆ ದನಿ ಕೇಳಿ ಎಲ್ಲರೂ ಕೂತರು. ಅಷ್ಟು ದಿನಗಳ ಮೇಲೆ ಅವಳಿಗೆ ನಗು ಬಂತು.

ಲಾಡ್ಜಿನ ಕೌಂಟರಿನಲ್ಲಿದ್ದವನು ಅವಳ ಹಿಂದೆ ಇಣುಕಿದ.

"ನಾಲ್ಕು ಜನ ಅಂತ ಹೇಳಿದ್ರಲ್ಲ ಮೇಡಂ. ಉಳಿದವರು?"

"ಅವರು ಮೊದಲೇ ಬಂದು ಹೋಗಿದ್ದಾರೆ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಬೀಗದ ಕೈ ಕೊಟ್ಟ. ಕೋಣೆಯಲ್ಲಿ ಸಾಲಾಗಿ ಮಂಚಗಳು, ಒಂದೊಂದರ ಮೇಲೂ ಮಡಚಿಟ್ಟ ಟವೆಲು, ಪುಟ್ಟ ಸೋಪು. ಯಾವ ಮಂಚದ ಮೇಲೆ ಕೂರುವುದೆಂದು ತೋಚದೆ ಅವಳು ಕಿಟಕಿಯ ಹತ್ತಿರ ನಿಂತಳು. ಕೆಳಗೆ ರಸ್ತೆ ತುಂಬ ಜನ. ಇಷ್ಟು ಜನರಲ್ಲಿ ಎಷ್ಟು ಮಂದಿಗೆ ತಾನು ಬಸ್ಸು ತೋರಿಸಿದ್ದೇನೋ ಅನ್ನಿಸಿತು.

ನೆಲದಡಿಯ ರೈಲಿನಲ್ಲಿ ಕೂತಳು. ತಪ್ಪು ಕಡೆಗೆ ಹೋಗುವ ರೈಲು ಅದು. ಕೊನೆಯ ನಿಲ್ದಾಣದ ತನಕ ಹೋಗಿ, ಅದೇ ರೈಲಿನಲ್ಲಿ ಮರಳಿ ಬಂದಳು. ಅದೂ ಚೆನ್ನಾಗಿಯೇ ಇತ್ತು. ಮ್ಯೂಸಿಯಮ್ಮಿನಲ್ಲಿ ಒಂದು ಹಳೆಯ ಕಾಲದ ಬಸ್ಸನ್ನು ಇಡಿಯಾಗಿ ತಂದು ನಿಲ್ಲಿಸಿದ್ದರು. ಮರದ ಬಾಗಿಲು, ಹಿತ್ತಾಳೆಯ ಹಾರನ್ನು. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಖುಷಿಯಾಯಿತು. "ರೀ, ನೋಡ್ರೀ ಇಲ್ಲಿ," ಎಂದು ತಿರುಗಿದಳು. ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತ ಗಾಬರಿಯಿಂದ ಸರಿದುಕೊಂಡ.

ಗೋಪುರಕ್ಕೆ ಮರುದಿನ ಮಧ್ಯಾಹ್ನವೇ ಹೋದಳು. ಕ್ಯೂ ನಿಜವಾಗಿಯೂ ಕರಗಲಿಲ್ಲ, ನೆರಳೂ ಇರಲಿಲ್ಲ. ಮೇಲೆ ಹತ್ತಿದರೆ ಊರು ಆಕಾಶದ ಅಂಚಿನ ತನಕ ಹಬ್ಬಿತ್ತು. ಎಲ್ಲರೂ ಕಂಬಿಗೆ ಆತುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತನ್ನ ಮನೆಯವರು ಅಂದು ಯಾವ ಕಡೆ ನಿಂತಿದ್ದರೋ, ಪುಟ್ಟಿಯನ್ನು ಯಾರು ಎತ್ತಿ ತೋರಿಸಿದರೋ, ನಗುವಾಗ ತನ್ನ ನೆನಪು ಒಬ್ಬರಿಗಾದರೂ ಬಂತೋ ಇಲ್ಲವೋ. ಕಣ್ಣು ತುಂಬಿ ಬಂದು ಊರು ಕಲಸಿಹೋಯಿತು. ಒಬ್ಬ ಹೆಂಗಸು ಬಂದು, "ಅಕ್ಕ, ನಮ್ಮದೊಂದು ಫೋಟೋ ತೆಗೀತೀರಾ?" ಎಂದು ಫೋನು ಕೊಟ್ಟಳು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕಣ್ಣೊರೆಸಿಕೊಂಡು, "ಹತ್ತಿರ ಬನ್ನಿ, ಇನ್ನೂ ಹತ್ತಿರ," ಎಂದು ಎಲ್ಲರನ್ನೂ ಕೂಡಿಸಿ ತೆಗೆದಳು. "ನಿಮ್ಮದು ತೆಗೀಲಾ?" ಎಂದಳು ಆ ಹೆಂಗಸು. "ಬೇಡಮ್ಮ," ಎಂದಳು.

ಮೃಗಾಲಯಕ್ಕೆ ಅವಳು ಹೋಗಲಿಲ್ಲ.

ಮನೆಗೆ ಮರಳಿದಾಗ ಸಂಜೆ. ಅಡುಗೆಮನೆ ಒಪ್ಪವಾಗಿತ್ತು. ಗಂಡನ ಬೆರಳಿಗೆ ಬಟ್ಟೆ ಸುತ್ತಿತ್ತು, ಈರುಳ್ಳಿ ಹೆಚ್ಚುವಾಗ ಕುಯ್ದುಕೊಂಡಿದ್ದನಂತೆ. ಅತ್ತೆಗೆ ಸ್ನಾನ ಮಾಡಿಸಿದ್ದು ದೊಡ್ಡವಳು. ಎಲ್ಲರೂ ಊಟಕ್ಕೆ ಕೂತರು. ಅನ್ನ ಮುದ್ದೆಯಾಗಿತ್ತು, ಬೇಳೆಸಾರಿಗೆ ಉಪ್ಪು ಹೆಚ್ಚಾಗಿತ್ತು. ಅವಳು ಹಾಗೇ ಕಲಸಿಕೊಂಡು ಉಂಡಳು.

"ಹೇಗಿತ್ತಮ್ಮ?" ಎಂದಳು ದೊಡ್ಡವಳು, ಹೆದರುತ್ತಲೇ.

"ಚೆನ್ನಾಗಿತ್ತು. ದೊಡ್ಡ ಊರು."

"ಒಬ್ಬಳಿಗೇ ಬೇಜಾರಾಗ್ಲಿಲ್ವಾ?"

"ಆಯ್ತು."

ಅತ್ತೆ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದರು. ಗಂಡ ಗಂಟಲು ಸರಿಮಾಡಿಕೊಂಡ. ಇಷ್ಟು ದಿನ ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡ ಮಾತು ಅದು ಎಂದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

"ಮುಂದಿನ ರಜೆಗೆ ಸಮುದ್ರ ನೋಡೋಕೆ ಹೋಗೋಣ. ಅದನ್ನ ನಮ್ಮಲ್ಲಿ ಯಾರೂ ನೋಡಿಲ್ಲ. ಅಮ್ಮನನ್ನೂ ಕೂರಿಸ್ಕೊಂಡು ಎಲ್ಲರೂ ಸೇರಿ ಹೋಗೋಣ. ಏನಂತೀಯ?"

ಮಕ್ಕಳಿಬ್ಬರೂ ತಾಯಿಯ ಮುಖವನ್ನೇ ನೋಡಿದರು. ಅವಳು ಪುಟ್ಟಿಯ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು, ಸಾರು ಹಾಕಿದಳು, ಬಿಸಿ ಇದೆ, ಆರಿಸಿಕೊಂಡು ತಿನ್ನು ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಹೋಗಿ ಬನ್ನಿ," ಎಂದಳು. "ಹೋಗುವಾಗ ನನಗೊಂದು ಮಾತು ಹೇಳಿ ಹೋಗಿ, ಅಷ್ಟೇ."